ಪಂಕ್ತಿಯಲ್ಲಿ ಕುಳಿತ ತೀರ್ಥಮ್ಮ

ಮಧ್ಯಾಹ್ನ ಒಂದಕ್ಕೆ, ಅಜ್ಜಂಪುರದ ಧರ್ಮಾರ್ಥ ಟ್ರಸ್ಟಿನ ಮನೆಯಲ್ಲಿ ಅಡುಗೆಯ ತೀರ್ಥಮ್ಮ ಸೀಮೆಎಣ್ಣೆ ಸ್ಟೌ ಆರಿಸಿ, ದಪ್ಪಗಾಗುತ್ತೇವೆಂದು ಊಟಕ್ಕೇ ಹೆದರುವ ಕಾಯಿಲೆಗೆ ಅಲ್ಲೇ ಉಳಿದು ಚಿಕಿತ್ಸೆ ಪಡೆಯುತ್ತಿರುವ ಆರು ಹುಡುಗಿಯರ ಪಂಕ್ತಿಯಲ್ಲಿ ತಾವೂ ಕೂರುತ್ತಾರೆ. ಮಠದ ದಾಸೋಹದಲ್ಲಿ ಇಪ್ಪತ್ತು ವರ್ಷ, ಎಲೆಗೆ ಅಡ್ಡ ಹಿಡಿದ ಕೈಯ ಮೇಲೂ ಪಾಯಸ ಸುರಿದವರು ಅವರು. ಇಲ್ಲಿ ಬಲವಂತ ಕೂಡದೆಂದು ಡಾಕ್ಟರು ಹೇಳಿದ ಮೇಲೆ, ‘ಇನ್ನೊಂಚೂರು’ ಎಂಬ ಮಾತು ನಾಲಿಗೆಗೆ ಬಂದಾಗಲೆಲ್ಲ ನೀರು ಕುಡಿಯುತ್ತಾರೆ. “ಬುಕ್ಕಾಂಬುಧಿ ಕೆರೆನೇ ಬತ್ತಿಸ್ತೀರಲ್ಲಜ್ಜಿ!” ಎಂದು ಅಣಕಿಸುವವಳು ಹತ್ತೊಂಬತ್ತರ ರುದ್ರಾಣಿ. ಅವಳ ತೂಕ ಇನ್ನೂ ಇಳಿದರೆ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಬೇಕು. “ನೀನು ನಿಧಾನಕ್ಕೆ ಉಣ್ಣು ಕಣೇ, ನಂಗ್ಯಾವ ಬಸ್ಸು ತಪ್ಪುತ್ತೆ?” ಎನ್ನುತ್ತಾರೆ ತೀರ್ಥಮ್ಮ. ಒಬ್ಬರು ಉಣ್ಣುತ್ತಿರುವಾಗ ಇನ್ನೊಬ್ಬರು ಏಳಬಾರದೆಂಬ ಮಠದ ರೂಢಿಯೊಂದನ್ನು ಮಾತ್ರ ಅವರು ಬಿಟ್ಟಿಲ್ಲ. ಉಳಿದ ಹುಡುಗಿಯರು ಎದ್ದು ಹೋದ ಮೇಲೂ ಎಂಜಲು ಕೈ ಒಣಗಿಸಿಕೊಂಡು ರುದ್ರಾಣಿಯ ಪಕ್ಕದಲ್ಲೇ ಕೂತಿರುತ್ತಾರೆ. ಇವತ್ತು ಅವಳ ಅರ್ಧ ರೊಟ್ಟಿ ಮುಗಿದಾಗ ಮೂರು ಗಂಟೆ. ನಾಳೆ ಬೆಳಿಗ್ಗೆ ಡಾಕ್ಟರು ಅವಳ ತೂಕ ನೋಡುತ್ತಾರೆ.