ನೋಟಿನ ಮೇಲಿನ ಉಂಗುರ ಬೆರಳು

ದಾರ್-ಎಸ್-ಸಲಾಮಿಗೆ ಹೊರಟ ದಿನ ಬೆಳಿಗ್ಗೆ ಪದ್ಮನಾಭನಗರದ ಅಕ್ಕನ ಮನೆಗೆ ಹೋದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಭಾವ ದಾರ್-ಎಸ್-ಸಲಾಮಿನ ಬಟ್ಟೆ ಮಿಲ್ಲಿನಲ್ಲಿ ಸೂಪರ್‌ವೈಸರ್. ಅವರಿಗೆ ಲಾರಿ ಗುದ್ದಿ ತೊಡೆಯ ಮೂಳೆ ಮುರಿದು ಗಾಯ ಕೀವು ಕಟ್ಟಿತ್ತು. ಮುಂಗಡ ಕಟ್ಟಿದರೆ ಆಪರೇಷನ್, ತಡವಾದರೆ ಕಾಲನ್ನೇ ತೆಗೆಯಬೇಕಾದೀತು ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ಪಾಸ್‌ಪೋರ್ಟ್ ಇದ್ದದ್ದು ನನ್ನೊಬ್ಬನ ಹತ್ತಿರ, ಅದೂ ಪತ್ರಿಕೆಯ ಕೆಲಸಕ್ಕೆಂದು ಮಾಡಿಸಿದ್ದು.

ಜಯನಗರ ಕಾಂಪ್ಲೆಕ್ಸ್ ಹತ್ತಿರ ಕೊಂಡಿದ್ದ ನೂರು ಡಾಲರಿನ ಹನ್ನೆರಡು ನೋಟುಗಳನ್ನು ಅಕ್ಕ ದೇವರ ಮುಂದೆ ಇಟ್ಟಳು. ಕುಂಕುಮವನ್ನು ನೀರಿನಲ್ಲಿ ಕಲಸಿ ಉಂಗುರ ಬೆರಳಿನಿಂದ ಒಂದೊಂದು ನೋಟಿಗೂ ಇಡತೊಡಗಿದಳು. ಮೇಲಿನ ಒಂದಕ್ಕೆ ಇಟ್ಟರೆ ಸಾಲದೇ ಎಂದೆ.

"ಸುಮ್ನಿರೋ. ಪ್ರತಿ ಸಲ ಅವರು ಹೊರಡುವಾಗ ಒಂದೇ ಒಂದು ನೋಟಿಗೆ ಇಟ್ಟು ಕಳಿಸ್ತಿದ್ದೆ. ಈ ಸಲ ಎಲ್ಲಕ್ಕೂ ಬೇಕು" ಎಂದಳು.

ಆ ಬೆರಳಿನ ತುದಿಯಲ್ಲಿ ಈಳಿಗೆಮಣೆ ಕೊಯ್ದ ಹಳೆಯ ಗಾಯದ ಗೀಟಿದೆ. ಹನ್ನೆರಡು ಕೆಂಪು ಗುರುತುಗಳಲ್ಲೂ ನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ ಮೂಡಿತ್ತು.

ಮರುದಿನ ದಾರ್-ಎಸ್-ಸಲಾಮಿನಲ್ಲಿ ಹಣ ಬದಲಿಸುವ ಮೊದಲ ಕೌಂಟರಿನವನು ನೋಟನ್ನು ಬೆಳಕಿಗೆ ಹಿಡಿದ, ಪಕ್ಕದವನನ್ನು ಕರೆದ. ಅಲ್ಲಿಯವರೆಗೆ ನಗುತ್ತಿದ್ದ ಇಬ್ಬರೂ ಗಂಭೀರರಾದರು. ಗುರುತು ಬಿದ್ದ ಡಾಲರ್ ನಮ್ಮಲ್ಲಿ ನಡೆಯುವುದಿಲ್ಲ ಎಂದು ಕೌಂಟರಿನವನು ಪೆನ್ನಿನ ತುದಿಯಿಂದ ಅದನ್ನು ನನ್ನತ್ತ ತಳ್ಳಿದ, ಬೆರಳು ತಾಗಿಸಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದ: "ಇದು ಯಾರ ರಕ್ತ?"

ಹೊರಗೆ ಬಂದು ಆ ನೋಟನ್ನು ಒದ್ದೆ ಕರ್ಚೀಫಿನಿಂದ ಒರೆಸಿದ್ದು ನನ್ನ ತಪ್ಪು. ಒರೆಸಿದ ನೋಟಿನಲ್ಲಿ ಕೆಂಪು ಹರಡಿ ನಿಜವಾಗಿಯೂ ರಕ್ತದಂತೆಯೇ ಕಂಡಿತು. ಉಳಿದದ್ದನ್ನು ಕವರಿನಿಂದ ತೆಗೆಯಲಿಲ್ಲ. ಸೆಖೆಗೆ ಬೆವರಿ ಶರಟಿನ ಜೇಬಿಗೂ ಬಣ್ಣ ಇಳಿದಿತ್ತು. ಎರಡನೆಯ ಅಂಗಡಿಯವನು ನೋಟಿಗಿಂತ ಜೇಬನ್ನೇ ಹೆಚ್ಚು ನೋಡಿದ. ಮೂರನೆಯದರಲ್ಲಿ ನಾನು ಕವರನ್ನು ಹೊರಗೆ ತೆಗೆಯುವ ಮೊದಲೇ ಗಾಜಿನ ಹಿಂದಿದ್ದ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು. ನನಗಿಂತ ಮುಂಚೆ ಸುದ್ದಿ ಅಲ್ಲಿಗೆ ತಲುಪಿತ್ತು. ಹೇಗೆ ಎಂದು ನನಗೆ ತಿಳಿದಿಲ್ಲ.

ಆಸ್ಪತ್ರೆಯಲ್ಲಿ ಹಣ ಕಟ್ಟಲು ನಾಲ್ಕು ಗಂಟೆಯವರೆಗೆ ಮಾತ್ರ ಸಮಯ. ಎರಡೂವರೆಗೆ ಭಾವನ ಮಂಚದ ಬಳಿ ನಿಂತಿದ್ದೆ. ನಡೆದದ್ದನ್ನು ಹೇಳಿದೆ. ಅವರು ಕವರಿನಲ್ಲಿ ಏನಿದೆ ಎಂದು ನೋಡಲೂ ಇಲ್ಲ. ಮಾರ್ಕೆಟ್ಟಿನ ಹಿಂದಿನ ಬೀದಿಯ ಗುಜರಾತಿ ಬಟ್ಟೆ ವ್ಯಾಪಾರಿಯೊಬ್ಬರ ಗುರುತು ಹೇಳಿ ಕಣ್ಣು ಮುಚ್ಚಿದರು.

ವ್ಯಾಪಾರಿ ವಯಸ್ಸಾದವರು. ನಾನು ಯಾರೆಂದು ಕೇಳಲಿಲ್ಲ. ಒರೆಸದ ನೋಟೊಂದನ್ನು ಕಣ್ಣಿನ ಹತ್ತಿರ ಹಿಡಿದು ಹಿಂದಿಯಲ್ಲಿ ಹೇಳಿದರು: "ಈ ಬೆರಳು ನನಗೆ ಗೊತ್ತು."

ಡ್ರಾಯರ್ ಎಳೆದು ಮೂರು ಹಳೆಯ ನೋಟು ತೆಗೆದರು. ಮೂರರಲ್ಲೂ ಕಂದು ಬಣ್ಣಕ್ಕೆ ತಿರುಗಿದ ಕುಂಕುಮ, ನಡುವೆ ಅದೇ ಬಿಳಿ ಗೆರೆ. ಎಂದೂ ಊರು ಬಿಡದ ನನ್ನ ಅಕ್ಕ ನನಗಿಂತ ಮೊದಲೇ ಆ ಕತ್ತಲೆ ಅಂಗಡಿಗೆ ಬಂದು ಕೂತಂತೆ ಅನಿಸಿತು.

ಭಾವ ರಜೆ ಮುಗಿಸಿ ಬಂದಾಗಲೆಲ್ಲ ಅಂಥ ಒಂದು ನೋಟು ತರುತ್ತಿದ್ದರಂತೆ. ಬೇರೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕುಂಕುಮ ಇಡಬೇಡ ಅಂತ ಮನೆಯಲ್ಲಿ ಹೇಳು ಎಂದು ವ್ಯಾಪಾರಿ ಗದರಿದ್ದರಂತೆ. ಬೇಡವೆಂದರೆ ಅವಳು ಹೆದರುತ್ತಾಳೆ ಎಂದಿದ್ದರಂತೆ ಭಾವ. ಈ ನೋಟುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಏನೂ ಮಾಡುವುದಿಲ್ಲ, ಎಸೆಯಲು ಕೈ ಬರುವುದಿಲ್ಲ ಎಂದರು. ಪೇಟೆಗಿಂತ ಕಡಿಮೆ ದರ ಹಿಡಿದು ಹನ್ನೆರಡಕ್ಕೂ ಅಲ್ಲಿನ ಹಣ ಶಿಲಿಂಗ್ ಕೊಟ್ಟರು. ನೋಟುಗಳನ್ನು ಹಳೆಯ ಮೂರರ ಮೇಲಿಟ್ಟು ಡ್ರಾಯರ್ ಮುಚ್ಚಿದರು. ಮುಂಗಡ ಕಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಕಾಲು ಉಳಿಯಿತು. ಮೂರು ತಿಂಗಳ ಮೇಲೆ ಭಾವ ಊರುಗೋಲು ಹಿಡಿದು ಪದ್ಮನಾಭನಗರದ ಮನೆಯ ಮೆಟ್ಟಿಲು ಹತ್ತಿದರು. ಕಾಫಿ ಕೊಡುತ್ತಾ ಅಕ್ಕ ನನ್ನನ್ನು ಕೇಳಿದಳು: "ಅಲ್ಲಿ ದುಡ್ಡಿಗೇನೂ ತೊಂದ್ರೆ ಆಗ್ಲಿಲ್ವಲ್ಲ?"

ಭಾವ ಲೋಟದಿಂದ ಕಣ್ಣೆತ್ತಲಿಲ್ಲ.

"ಇಲ್ಲ ಕಣಕ್ಕ" ಎಂದೆ.

"ಮತ್ತೆ? ಕುಂಕುಮ ಇಟ್ಟ ದುಡ್ಡು" ಎಂದು ಅವಳು ಒಳಗೆ ಹೋದಳು. ನನ್ನ ಲೋಟದ ಹೊರಮೈಯಲ್ಲಿ ಅವಳ ಒದ್ದೆ ಬೆರಳಿನ ಗುರುತು ಉಳಿದಿತ್ತು, ನಡುವೆ ಗೆರೆ. ಆ ಗುರುತು ಆರುವವರೆಗೂ ನಾನು ಕಾಫಿ ಕುಡಿಯಲಿಲ್ಲ.