ಇಬ್ಬರೂ ಎಳೆದ ಗರಗಸ

ನನ್ನ ಹೆಂಡತಿಯ ಅಣ್ಣನನ್ನು ನಾನು ಯಾವತ್ತೂ ಇಷ್ಟಪಡಲಿಲ್ಲ. ಅವನೂ ನನ್ನನ್ನು ಇಷ್ಟಪಡಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ಹೊಂದಾಣಿಕೆ ಅದೊಂದೇ. ಮರ ಕೊಯ್ಯುವುದು ಅವನ ಕಸುಬು. ಗಂಟಲು ಎಂಥದೆಂದರೆ, ಒಮ್ಮೆ ಅವನು ಮನೆಯಲ್ಲಿ ಕೂತು ಹೆಂಡತಿಯನ್ನು ಗದರಿದ್ದಕ್ಕೆ ಪಕ್ಕದ ಬೀದಿಯ ಕ್ಷೌರಿಕ ಬೆಚ್ಚಿಬಿದ್ದು ಗಿರಾಕಿಯ ಅರ್ಧ ಮೀಸೆ ಹಾರಿಸಿಬಿಟ್ಟ. ಸುಳ್ಳೆನ್ನುವವರು ಬಂದು ನನ್ನ ಮೀಸೆಯ ಎಡಭಾಗ ನೋಡಿಕೊಂಡು ಹೋಗಬಹುದು.

ಅವನ ಜೊತೆ ಕೊಯ್ಯುತ್ತಿದ್ದವನು ಅವನ ತಮ್ಮ. ದಿಮ್ಮಿಯ ಆ ಕಡೆ ದೊಡ್ಡವನು, ಈ ಕಡೆ ಚಿಕ್ಕವನು, ನಡುವೆ ಎರಡು ಹಿಡಿಯ ಉದ್ದ ಗರಗಸ. ಆ ಗರಗಸಕ್ಕೆ ಒಂದೇ ನಿಯಮ. ಎಳೆಯಬೇಕು, ತಳ್ಳಬಾರದು. ಒಬ್ಬ ಎಳೆಯುವಾಗ ಇನ್ನೊಬ್ಬನ ಕೈ ಸಡಿಲವಾಗಿರಬೇಕು. ಒಂದು ದಿನ ಇಬ್ಬರಿಗೂ ಏನೋ ಹಟ ಹತ್ತಿ, ಒಟ್ಟಿಗೇ ಎಳೆದರು. ಅಲಗು ಸಿಕ್ಕಿಹಾಕಿಕೊಂಡು ಸೊಟ್ಟಗಾಯಿತು. ಬಗ್ಗಿಸಿದ್ದು ನೀನು ಅಂತ ಇವನು, ನೀನು ಅಂತ ಅವನು. ಅಂದಿನಿಂದ ಮಾತು ಬಂದ್. ಹಾಗಂತ ಕೆಲಸ ಬಿಟ್ಟರೇ? ಇಲ್ಲ. ಇವರಿಬ್ಬರ ಜೊತೆ ಬೇರೆ ಯಾರೂ ಗರಗಸ ಹಿಡಿಯಲು ಒಪ್ಪದ್ದರಿಂದ, ಹೊಸ ಗರಗಸ ತಂದು ವರ್ಷಗಟ್ಟಲೆ ಮೂಗರಂತೆ ಕೊಯ್ದರು.

ಹೀಗಿರುವಾಗ ಹಳೇ ಹಲಗೆಯ ತುಕ್ಕು ಮೊಳೆಯೊಂದು ದೊಡ್ಡವನ ಅಂಗಾಲಿಗೆ ಇಳಿಯಿತು. ಚಿಕ್ಕವನು ಮಾತಿಲ್ಲದೆ ಬಂದು ಮೊಳೆ ಕಿತ್ತು, ನೆಲದ ಮೇಲಿದ್ದ ಮರದ ಹೊಟ್ಟನ್ನು ಗಾಯಕ್ಕೆ ತುಂಬಿ, ಚಿಂದಿ ಬಟ್ಟೆ ಬಿಗಿದ. ಅವರ ಅಪ್ಪನ ಕಾಲದಿಂದ ಆ ಮರದ ಮಂಡಿಯಲ್ಲಿ ಗಾಯಕ್ಕೆಲ್ಲ ಅದೇ ಮದ್ದು.

ಕೆಲವು ದಿನಗಳ ಮೇಲೆ ದೊಡ್ಡವನ ದವಡೆ ಕಚ್ಚಿಕೊಂಡಿತು. ಬೈಗುಳ ನಿಂತಿತಲ್ಲ ಅಂತ ಮನೆಯವರು ಒಂದು ಹಗಲು ಸುಖವಾಗಿದ್ದರು. ಸಂಜೆಗೆ ಅವನ ಬೆನ್ನು ಬಿಲ್ಲಿನಂತೆ ಬಾಗಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಧನುರ್ವಾಯು ಅಂದರು.

ವರಾಂಡದಲ್ಲಿ ನಿಂತು ಅವರು ನಮಗೆ ತಿಳಿಸಿ ಹೇಳಿದರು. ನಾವು ತೋಳು ಮಡಚಿದಾಗ ಮುಂದಿನ ಸ್ನಾಯು ಎಳೆಯುತ್ತದೆ. ಅದೇ ಗಳಿಗೆಯಲ್ಲಿ ಬೆನ್ನುಹುರಿಯೊಳಗಿನ ಕೆಲವು ನರಕೋಶಗಳು, ತಡೆಯುವುದೇ ಅವುಗಳ ಕಸುಬು, ಹಿಂದಿನ ಸ್ನಾಯುವನ್ನು ಎಳೆಯದಂತೆ ಸುಮ್ಮನಿರಿಸುತ್ತವೆ. ಎಳೆಯುವ ಸ್ನಾಯು ಮಿತಿ ಮೀರದಂತೆ ಹದ್ದುಬಸ್ತಿನಲ್ಲಿಡುವುದೂ ಅಂಥವೇ. ಹೊಟ್ಟು ತುಂಬಿ ಮುಚ್ಚಿದ ಮೊಳೆಯ ಗಾಯದಲ್ಲಿ ಹುಟ್ಟಿದ ವಿಷ ನರದ ಗುಂಟ ಹತ್ತಿ ಆ ಕೋಶಗಳ ಬಾಯಿ ಕಟ್ಟಿದೆ.

“ಈಗ ತಡೆಯೋರೇ ಇಲ್ಲ,” ಅಂದರು. “ಮುಂದಿಂದೂ ಎಳೆಯುತ್ತೆ, ಹಿಂದಿಂದೂ ಎಳೆಯುತ್ತೆ. ಒಂದು ಬಾಗಿಲು ಬಡಿದ್ರೆ ಸಾಕು, ಮೈಯೆಲ್ಲ ಸೆಟೆದು ಉಸಿರು ನಿಲ್ಲಬಹುದು. ಬುದ್ಧಿ ಮಾತ್ರ ನೆಟ್ಟಗಿರುತ್ತೆ, ಎಲ್ಲಾ ಗೊತ್ತಾಗ್ತಿರುತ್ತೆ.”

ನನಗೆ ಆ ಸೊಟ್ಟ ಗರಗಸ ನೆನಪಾಯಿತು.

ಅತ್ತಿಗೆ, ಅಂದರೆ ದೊಡ್ಡವನ ಹೆಂಡತಿ, ಹೊಟ್ಟು ತುಂಬಿ ನನ್ನ ಗಂಡನನ್ನು ಕೊಂದೆ ನೀನು ಅಂತ ಮೈದುನನ ಮೇಲೆ ಹರಿಹಾಯ್ದಳು. ಕಿತ್ತಾಡಲೆಂದೇ ಹುಟ್ಟಿ ಬಂದಿದ್ದ ಚಿಕ್ಕವನ ಕತ್ತಿನ ನರ ಉಬ್ಬಿತು. ಡಾಕ್ಟರಮ್ಮ ಇಬ್ಬರನ್ನೂ ಕಣ್ಣಲ್ಲೇ ಅದುಮಿದರು. ಕತ್ತಲೆ ಕೋಣೆಯಲ್ಲಿ ರೋಗಿಯ ಪಕ್ಕ ಒಬ್ಬರು ಕೂರಬೇಕು, ಉಸಿರು ಸಿಕ್ಕಿಕೊಂಡರೆ ನರ್ಸನ್ನು ಕರೆತರಬೇಕು, ಕಮಕ್ ಕಿಮಕ್ ಅನ್ನಬಾರದು, ಅಂದರು. ಅತ್ತಿಗೆಯ ಪಿಸುಮಾತು ರಸ್ತೆಗೆ ಕೇಳುತ್ತದೆ. ನನ್ನಾಕೆ ನಿದ್ದೆಯಲ್ಲೂ ಮಾತಾಡುವವಳು. ನನ್ನ ಕೆಮ್ಮಿಗೆ ಒಮ್ಮೆ ರೈಲೇ ನಿಂತಿತ್ತು.

“ಅವರ ಹತ್ರ ಮಾತಾಡದೆ ಇರೋರು ನಿಮ್ಮಲ್ಲಿ ಯಾರೂ ಇಲ್ವಾ?” ಕೇಳಿದರು ಡಾಕ್ಟರಮ್ಮ.

ಎಲ್ಲರೂ ಚಿಕ್ಕವನ ಕಡೆ ತಿರುಗಿದೆವು.

“ಕೊಲ್ಲೋಕೆ ಹೊರಟವನನ್ನೇ ಕಾವಲಿಗೆ ಕೂರಿಸ್ತೀರಾ?” ಅಂದಳು ಅತ್ತಿಗೆ. ಆದರೆ ಬೇರೆ ಗತಿಯಿರಲಿಲ್ಲ.

ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ. ಜನ್ಮದಲ್ಲಿ ನಗದ ಅಣ್ಣ, ಮುಖದ ಸ್ನಾಯು ಬಿಗಿದು ಹಲ್ಲು ಕಿರಿಯುತ್ತ ಮಲಗಿದ್ದ. ತನ್ನನ್ನೇ ಅಣಕಿಸುತ್ತಿದ್ದಾನೆ ಅಂತ ತಮ್ಮನಿಗೆ ಮೈ ಉರಿಯುತ್ತಿತ್ತಂತೆ. ವಾರಗಟ್ಟಲೆ ಉರಿದುಕೊಂಡೇ ಕೂತ. ಒಂದು ಮಧ್ಯಾಹ್ನ ಹೊರಗೆ ಯಾರೋ ಸ್ಟೀಲಿನ ತಟ್ಟೆ ಬೀಳಿಸಿದರು. ದೊಡ್ಡವನ ಮೈ ಸೆಟೆದು ತುಟಿ ನೀಲಿಯಾಯಿತು. ಚಿಕ್ಕವನು ಕೂಗಲಿಲ್ಲ. ಬರಿಗಾಲಲ್ಲಿ ಓಡಿ, ಊಟಕ್ಕೆ ಕೂತಿದ್ದ ನರ್ಸಿನ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಅವರ ಕೈಯಲ್ಲಿ ಇನ್ನೂ ಚಮಚ ಇತ್ತು. ಇಂಜೆಕ್ಷನ್ ಇಳಿದು, ಗಂಟಲಿಗೆ ಕೊಳವೆ ಹೋಗಿ, ಉಸಿರು ಮರಳಿತು.

ಕೊನೆಗೊಮ್ಮೆ ವಿಷದ ಹಿಡಿತ ಸಡಿಲವಾಯಿತು. ಕೊಳವೆ ತೆಗೆದರು. ದವಡೆ ಬಿಟ್ಟುಕೊಂಡ ಬೆಳಿಗ್ಗೆ ನಾನೂ ಬಾಗಿಲಲ್ಲಿ ನಿಂತಿದ್ದೆ. ದೊಡ್ಡವನು ತಮ್ಮನನ್ನು ದಿಟ್ಟಿಸಿ, ಮುರುಕು ದನಿಯಲ್ಲಿ ಮೊದಲ ಮಾತಾಡಿದ.

“ಗರಗಸ ಬಗ್ಗಿಸಿದ್ದು ನೀನೇ.”

ಚಿಕ್ಕವನ ಬಾಯಿ ತೆರೆಯಿತು. ಮುಚ್ಚಿಕೊಂಡ. ಎದ್ದು, ಮಲಗಿದ ಮಗುವಿನ ಕೋಣೆಯ ಬಾಗಿಲನ್ನು ಎಳೆದುಕೊಂಡಂತೆ ಆ ಬಾಗಿಲನ್ನು ಎಳೆದುಕೊಂಡು, ವರಾಂಡ ದಾಟಿ, ಮೆಟ್ಟಿಲಿಳಿದು, ಗೇಟಿನಾಚೆಗೆ ಹೋಗಿ, ಅಲ್ಲಿದ್ದ ವಿದ್ಯುತ್ ಕಂಬದ ಎದುರು ನಿಂತ.

“ನೀನು ಕಣೋ! ನೀನು! ನೀನು!”

ತಂತಿಯ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು, ಎರಡು ಇನ್ನೂ ಹಿಂದಿರುಗಿಲ್ಲ. ಆಮೇಲೆ ಅವನು ಒಳಗೆ ಬಂದ, ಚಪ್ಪಲಿ ಬಿಟ್ಟ, ಅದೇ ಸ್ಟೂಲಿನ ಮೇಲೆ ಕೂತು ಅಣ್ಣನನ್ನು ಗುರಾಯಿಸತೊಡಗಿದ.