ಕೈಯಲ್ಲಿಲ್ಲದ ಶೇರು ಮಾರಿದ ಹದಿನೈದು ದಿನ

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದೆ. ಅರಳೆಯ ಜೊತೆಗೆ ಊರಿನ ಒಂದು ನೂಲಿನ ಗಿರಣಿಯ ಶೇರುಗಳನ್ನೂ ಮಾರಿಸಿ, ಕೊಡಿಸುತ್ತಿದ್ದೆ. ನಮ್ಮಲ್ಲಿ ದರ ಬಾಯಲ್ಲಿ ಹೇಳುವ ರೂಢಿ ಇರಲಿಲ್ಲ. ಇಬ್ಬರ ಕೈಗಳ ಮೇಲೆ ಹೆಗಲ ಮೇಲಿನ ವಸ್ತ್ರ, ವಲ್ಲಿ, ಹೊದಿಸಿ, ಒಳಗೇ ಬೆರಳು ಹಿಡಿದರೆ ವ್ಯಾಪಾರ ಮುಗಿಯಿತು. ಮೂರನೆಯವನಿಗೆ ದರ ತಿಳಿಯುತ್ತಿರಲಿಲ್ಲ.

ಗಿರಣಿಯ ಮಾಲಕರ ಮೇಲೆ ಸಿಟ್ಟಿದ್ದ ದೊಡ್ಡ ವ್ಯಾಪಾರಿಯೊಬ್ಬ ನಮ್ಮಲ್ಲಿ ನಾಲ್ವರು ದಲಾಲರನ್ನು ಕರೆಸಿದ.

"ಇವತ್ತ ಶೇರು ಮಾರ್ರಿ. ಕೊಡೂ ವಾಯಿದೆ ಹದಿನೈದು ದಿನ. ಅಷ್ಟರಾಗ ದರಾ ಬೀಳತೈತಿ, ಸಸ್ತಾದಾಗ ಕೊಂಡು ಕೊಟ್ರಾತು."

"ಕೈಯಾಗ ಒಂದೂ ಶೇರಿಲ್ಲಲ್ರಿ?" ಎಂದೆ.

"ಇಲ್ಲಂತ ಯಾರಿಗೆ ಗೊತ್ತೈತಿ? ವಲ್ಲಿ ತಗದು ಒದರ್ರಿ. ಪೇಟಿಗೆಲ್ಲಾ ಕೇಳಬೇಕು."

ಒದರಿದೆವು. ಬೆಳಿಗ್ಗೆ ನೂರು ರೂಪಾಯಿ, ಮಧ್ಯಾಹ್ನ ತೊಂಬತ್ತು, ಮರುದಿನ ಎಂಬತ್ತು. ಕೊಳ್ಳುವವರು ಹಿಂದೆ ಸರಿದರು. ನಿಜವಾಗಿ ಶೇರು ಇದ್ದವರು ಹೆದರಿ ತಾವೇ ಮಾರತೊಡಗಿದರು. ಆಮೇಲೆ ನಮ್ಮ ಗಂಟಲಿನ ಅವಶ್ಯಕತೆಯೇ ಉಳಿಯಲಿಲ್ಲ. ದರ ಅರ್ಧಕ್ಕೆ ಬಂತು. ಗಿರಣಿಯಲ್ಲಿ ಮಾತ್ರ ಒಂದು ಕದಿರೂ ತಿರುಗುವುದನ್ನು ನಿಲ್ಲಿಸಿರಲಿಲ್ಲ.

ಆ ಗಿರಣಿಯ ಎಂಜಿನ್ ಮಿಸ್ತ್ರಿ ನಮ್ಮ ಓಣಿಯ ಮುಸಲ್ಮಾನರು, ನನಗಿಂತ ಹಿರಿಯರು. ಅವರಿಗೆ ಹತ್ತು ಶೇರು ಕೊಡಿಸಿದವನೇ ನಾನು. ದರ ಏರಿದ ಮೇಲೆ ಮಾರಿ, ಹಳೆಯದೊಂದು ಲೇತು ಯಂತ್ರ ಕೊಂಡು, ಸ್ವಂತ ಕಾರ್ಖಾನೆ ಹಾಕುವ ಆಸೆ ಅವರದು. ಓಡಿ ಬಂದರು.

"ದಲಾಲರ, ಎಂಜಿನ್ ನಿಲ್ಲದ ತಿರಗಾಕತ್ತೈತಿ. ನೂಲು ಗೋದಾಮಿನ್ಯಾಗ ಉಳಿಯವಲ್ದು. ದರಾ ಯಾಕ ಬೀಳಾಕತ್ತೈತಿ?"

ವಾಯಿದೆಗೆ ಎರಡೇ ದಿನವಿತ್ತು. ಮಾರಿದ್ದನ್ನು ಕೊಟ್ಟು ಮುಗಿಸಲು ನನಗೆ ಇನ್ನೂ ಹತ್ತು ಶೇರು ಬೇಕಾಗಿದ್ದವು.

"ಆಫೀಸಿನ ಒಳಗಿನ ಸುದ್ದಿ ನಿಮಗೇನ್ ಗೊತ್ತು, ಮಿಸ್ತ್ರಿ? ಬಂದಷ್ಟಕ್ಕ ಕೊಟ್ಟು ಪಾರಾಗ್ರಿ."

"ಎಂಜಿನ್ ಕೆಟ್ರ ನನ್ನ ಮಾತು, ಪೇಟಿ ಕೆಟ್ರ ನಿಮ್ಮ ಮಾತು," ಎಂದು ನಕ್ಕು, ಅರ್ಧ ದರಕ್ಕೆ ನನಗೇ ಮಾರಿ, ಶೇರು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿದರು. ಆ ಹತ್ತನ್ನೇ ಕೊಟ್ಟು ನನ್ನ ವಾಯಿದೆ ತೀರಿಸಿದೆ.

ವಾಯಿದೆಯ ದಿನ, ಇಲ್ಲದ್ದನ್ನು ಮಾರಿದ ಉಳಿದವರೆಲ್ಲ ಒಮ್ಮೆಲೇ ಕೊಳ್ಳಲು ಬಿದ್ದರು. ದರ ಬಿದ್ದದ್ದಕ್ಕಿಂತ ಜೋರಾಗಿ ಎದ್ದಿತು. ತಿಂಗಳೊಳಗೆ ನೂರನ್ನೂ ದಾಟಿತು. ಒದರಿದ ದಲಾಲರ ಹೆಸರಿನಲ್ಲಿ ಆಗ ಒಂದೂ ಶೇರು ಇರಲಿಲ್ಲವೆಂದು ಗಿರಣಿಯ ಶೇರು ವಹಿ ಬರೆಯುವ ಗುಮಾಸ್ತ ಮಿಸ್ತ್ರಿಗೆ ಹೇಳಿಬಿಟ್ಟ. ಅವರು ಮತ್ತೆ ಬಂದರು. ನನ್ನ ಲಾಭದಲ್ಲಿ ಅರ್ಧ ಕೊಡುತ್ತೇನೆಂದೆ.

"ಲಾಭ ಬ್ಯಾಡ್ರಿ. ಹತ್ತು ಶೇರು ಬೇಕಾಗ್ಯಾವಂತ ಖರೇ ಹೇಳಿದ್ರ, ಓಣಿಯವರಂತ ಹಂಗ ಕೈಗಡ ಕೊಡ್ತಿದ್ದೆ."

ಶೇರು ಕೊಳ್ಳುವವರಿಗೆ ಇಂದಿಗೂ ಹೇಳುತ್ತೇನೆ: ದರ ಕುಸಿದರೆ ಮೊದಲು ಗಿರಣಿಗೆ ಹೋಗಿ ನೋಡಿರಿ. ದಲಾಲನನ್ನು ಕೇಳಲೇಬೇಕೆಂದರೆ, ಅವನು ಆಗಲೇ ಏನು ಮಾರಿದ್ದಾನೆಂದು ಮೊದಲು ಕೇಳಿರಿ. ಮಿಸ್ತ್ರಿ ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ಮೈಯಲ್ಲಿ ಕಸುವಿರುವ ತನಕ ಅದೇ ಗಿರಣಿಯ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದರು.